ಕಹಿ ತೊಗಟೆಯಿಂದ ಕಾನೂನಿನವರೆಗೆ: ಭಾರತದ ಔಷಧ ಮಾರುಕಟ್ಟೆಯ ಒಂದೂವರೆ ಶತಮಾನ

ಮಾರುಕಟ್ಟೆಯಲ್ಲಿ ನಾವು ಕೊಳ್ಳುವ ವಸ್ತುಗಳಲ್ಲಿ ಔಷಧಿಯಷ್ಟು ವಿಲಕ್ಷಣವಾದುದು ಇನ್ನೊಂದಿಲ್ಲ. ಅಕ್ಕಿಯನ್ನು ಅಂಗೈಮೇಲೆ ಹರಡಿ ನೋಡಬಹುದು. ಬೆಲ್ಲದ ಚೂರನ್ನು ಬಾಯಿಗೆ ಹಾಕಿಕೊಂಡು ರುಚಿ ನೋಡಬಹುದು. ಬಟ್ಟೆಯನ್ನು ಬೆರಳುಗಳ ನಡುವೆ ತಿಕ್ಕಿ ನೂಲಿನ ಗುಣವನ್ನು ಅಳೆಯಬಹುದು. ಆದರೆ ಮಾತ್ರೆಯೊಂದರಲ್ಲಿ ಹೇಳಿದಷ್ಟು ಮದ್ದು ಇದೆಯೇ ಎಂಬುದನ್ನು ಕಣ್ಣಾಗಲಿ ನಾಲಗೆಯಾಗಲಿ ಹೇಳಲಾರವು. ‘ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ’ ಎಂಬ ನಮ್ಮ ಗಾದೆ ಪಥ್ಯಕ್ಕೆ ಒಪ್ಪೀತೇ ಹೊರತು ಮದ್ದಿಗೆ ಒಪ್ಪದು. ಮದ್ದನ್ನು ಆರಿಸುವವರು ವೈದ್ಯರು, ಮಾರುವವರು ಅಂಗಡಿಯವರು. ಹಣ ತೆರುವವನೂ ನುಂಗುವವನೂ ರೋಗಿ. ಕೊಳ್ಳುವವನಿಗೆ ಆಯ್ಕೆಯೂ ಇಲ್ಲದ, ಪರೀಕ್ಷಿಸುವ ಶಕ್ತಿಯೂ ಇಲ್ಲದ ವ್ಯಾಪಾರವಿದು.

ಆದುದರಿಂದಲೇ ಔಷಧದ ವಿಷಯದಲ್ಲಿ ಬಡರಾಷ್ಟ್ರವೊಂದು ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕಾಗುತ್ತದೆ. ಮೊದಲನೆಯದು, ಬಡವನ ಕೈಗೆ ಔಷಧಿ ದೊರೆಯುವುದೇ? ಎರಡನೆಯದು, ದೊರೆತ ಔಷಧಿಯನ್ನು ನಂಬಬಹುದೇ? ಭಾರತದ ಔಷಧ ಮಾರುಕಟ್ಟೆಯ ಚರಿತ್ರೆಯೆಂದರೆ ಈ ಎರಡು ಪ್ರಶ್ನೆಗಳ ಚರಿತ್ರೆ. ಮೊದಲನೆಯದಕ್ಕೆ ನಮ್ಮ ದೇಶ ಜಗತ್ತೇ ಮೆಚ್ಚುವ ಉತ್ತರವನ್ನು ಕೊಟ್ಟಿತು. ಎರಡನೆಯದಕ್ಕೆ ಕೊಟ್ಟ ಉತ್ತರ ಇನ್ನೂ ಅರೆಬರೆಯಾಗಿಯೇ ಉಳಿದಿದೆ. ಆ ಅರೆಬರೆತನದ ಒಂದು ಮುಖ್ಯ ಕಾರಣ ರಾಜ್ಯಗಳ ನಡುವಿನ ಗಡಿಗಳಲ್ಲಿ ಅಡಗಿರುವುದರಿಂದ, ಗಡಿಯಲ್ಲಿ ಬಾಳುವ ಕನ್ನಡಿಗರಾದ ನಾವು ಈ ಚರಿತ್ರೆಯನ್ನು ಅರಿಯುವುದು ಉಚಿತ. ವಿಶೇಷವೆಂದರೆ, ಈ ಕಥೆಯ ಮೊದಲ ಪುಟಗಳಲ್ಲಿ ಕೆಲವು ಬರೆಯಲ್ಪಟ್ಟದ್ದು ನಮ್ಮ ನೀಲಗಿರಿಯಲ್ಲಿಯೇ.

ನೀಲಗಿರಿಯ ಕಹಿ ತೊಗಟೆ

ಹತ್ತೊಂಬತ್ತನೆಯ ಶತಮಾನದ ಭಾರತದಲ್ಲಿ ಚಳಿಜ್ವರ, ಎಂದರೆ ಮಲೇರಿಯಾ, ತೆಗೆದುಕೊಂಡ ಪ್ರಾಣಗಳಿಗೆ ಲೆಕ್ಕವಿಲ್ಲ. ವಯನಾಡಿನ ಕಾಡು, ಮೋಯಾರಿನ ಕಣಿವೆ, ಮಲೆನಾಡಿನ ಅಂಚು ಇವೆಲ್ಲ ಜ್ವರದ ನೆಲಗಳೆಂದೇ ಹೆಸರಾಗಿದ್ದವು. ಅದಕ್ಕಿದ್ದ ನಂಬಲರ್ಹವಾದ ಮದ್ದು ಒಂದೇ: ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಲ್ಲಿ ಬೆಳೆಯುವ ಸಿಂಕೋನಾ ಮರದ ತೊಗಟೆ ಮತ್ತು ಅದರಿಂದ ತೆಗೆದ ಕ್ವಿನೈನ್. ಅದು ದೂರದಿಂದ ಬರಬೇಕಾಗಿತ್ತು, ಬೆಲೆಯೂ ಹೆಚ್ಚು. ಬ್ರಿಟಿಷ್ ಸರ್ಕಾರಕ್ಕೆ ಮುಖ್ಯವಾಗಿ ತನ್ನ ಸೈನ್ಯದ ಚಿಂತೆ ಇತ್ತು. ಕ್ಲೆಮೆಂಟ್ಸ್ ಮಾರ್ಕಮ್ ಎಂಬ ಅಧಿಕಾರಿಯ ನೇತೃತ್ವದಲ್ಲಿ ಸಿಂಕೋನಾದ ಸಸಿ ಮತ್ತು ಬೀಜಗಳನ್ನು ದಕ್ಷಿಣ ಅಮೆರಿಕದಿಂದ ತರುವ ಸಾಹಸ ನಡೆಯಿತು. 1860ರಲ್ಲಿ ಮಾರ್ಕಮ್ ತಂದ ಸಸಿಗಳಲ್ಲಿ ಬಹುಪಾಲು ಬದುಕಲಿಲ್ಲ. ಸಸ್ಯಶೋಧಕ ರಿಚರ್ಡ್ ಸ್ಪ್ರೂಸ್ ಕಳುಹಿಸಿದ ಕೆಂಪು ತೊಗಟೆಯ ತಳಿ ನಮ್ಮ ಬೆಟ್ಟಗಳಲ್ಲಿ ಬೇರೂರಿತು. ಉದಕಮಂಡಲದ ಸರ್ಕಾರಿ ತೋಟದ ಮೇಲ್ವಿಚಾರಕನಾಗಿದ್ದ ವಿಲಿಯಂ ಗ್ರಹಾಂ ಮೆಕೈವರ್ ದೊಡ್ಡಬೆಟ್ಟದಲ್ಲಿಯೂ ನಡುವಟ್ಟಂನಲ್ಲಿಯೂ ತೋಟಗಳನ್ನು ಬೆಳೆಸಿದನು. ಆ ತೋಟಗಳಲ್ಲಿ ದುಡಿದವರಲ್ಲಿ ಮಲಯದ ಕಡೆಯಿಂದ ಕರೆತಂದ ಚೀನೀ ಕೈದಿಗಳೂ ಇದ್ದರು. ಮುಂದೆ ನಡುವಟ್ಟಂನಲ್ಲಿ ಸರ್ಕಾರಿ ಕ್ವಿನೈನ್ ಕಾರ್ಖಾನೆಯೂ ತಲೆಯೆತ್ತಿತು.

ಈ ತೋಟಗಳ ಜೊತೆಯಲ್ಲಿ ಇನ್ನೊಂದು ಮಹತ್ತ್ವದ ಕೆಲಸ ನಡೆಯಿತು. ತೊಗಟೆಯಲ್ಲಿ ಮದ್ದಿನ ಅಂಶ ಎಷ್ಟಿದೆಯೆಂದು ಅಳೆಯಲು ಜಾನ್ ಬ್ರೌಟನ್ ಎಂಬ ರಸಾಯನಶಾಸ್ತ್ರಜ್ಞನನ್ನು ಸರ್ಕಾರ 1866ರಲ್ಲಿ ನೀಲಗಿರಿಗೆ ನೇಮಿಸಿತು. ಅದೇ ವರ್ಷ ಆರಂಭವಾದ ಸಿಂಕೋನಾ ಆಯೋಗಗಳ ಪರೀಕ್ಷೆಯಲ್ಲಿ ಕ್ವಿನೈನ್ ಮತ್ತು ಅದೇ ತೊಗಟೆಯ ಇತರ ಮೂರು ಸತ್ತ್ವಗಳನ್ನು 2,472 ಜ್ವರಪೀಡಿತರಿಗೆ ಕೊಟ್ಟು ನೋಡಲಾಯಿತು. ಅವರಲ್ಲಿ ಕೇವಲ 27 ಮಂದಿಗೆ ಮದ್ದು ಫಲಿಸಲಿಲ್ಲ. ದುಬಾರಿಯಾದ ಶುದ್ಧ ಕ್ವಿನೈನಿಗೆ ಅಗ್ಗದ ಸೋದರ ಸತ್ತ್ವಗಳು ಹೆಚ್ಚು ಹಿಂದಿಲ್ಲವೆಂಬುದು ಅದರ ಸಾರ. ಔಷಧಿಯನ್ನು ಅಳೆದು ತೂಗಿ, ಅಗ್ಗದ ಬದಲಿಯನ್ನು ಹುಡುಕುವ ಪ್ರಯತ್ನ ಹೀಗೆ ಭಾರತದಲ್ಲಿ ಆಗಲೇ ಮೊದಲಾಗಿತ್ತು. 1892ರಲ್ಲಿ ಬಂಗಾಳದ ಅಂಚೆಕಚೇರಿಗಳು ಒಂದು ಪೈಸೆಗೆ ಒಂದು ಪೊಟ್ಟಣ ಕ್ವಿನೈನ್ ಮಾರತೊಡಗಿದುವು. ಕಾಗದದ ಜೊತೆಗೆ ಮದ್ದನ್ನೂ ಹಳ್ಳಿಗೆ ಮುಟ್ಟಿಸುವ ಆ ಯೋಜನೆ ಮೊದಲನೆಯ ಪ್ರಶ್ನೆಗೆ ಸರ್ಕಾರ ಕೊಟ್ಟ ಉತ್ತರವಾಗಿತ್ತು.

ಆದರೆ ಆ ಉತ್ತರ ಸಾಲಲಿಲ್ಲ. ಡಚ್ಚರು ಜಾವಾದಲ್ಲಿ ಇನ್ನೂ ಉತ್ತಮವಾದ ತಳಿಯನ್ನು ಬೆಳೆಸಿ ಜಗತ್ತಿನ ಸಿಂಕೋನಾ ವ್ಯಾಪಾರವನ್ನೇ ಕೈವಶಮಾಡಿಕೊಂಡರು. 1913ರಲ್ಲಿ ಜಾವಾದ ಬೆಳೆಗಾರರೂ ಕ್ವಿನೈನ್ ತಯಾರಕರೂ ಒಪ್ಪಂದ ಮಾಡಿಕೊಂಡು, ಆಮ್‌ಸ್ಟರ್‌ಡಾಮಿನ ಕಚೇರಿಯೊಂದರ ಮೂಲಕ ಬೆಲೆಯನ್ನು ಹಿಡಿದು ನಿಲ್ಲಿಸಿದರು. ನೀಲಗಿರಿಯಲ್ಲಿಯೂ ಡಾರ್ಜಿಲಿಂಗಿನಲ್ಲಿಯೂ ಸಿಂಕೋನಾ ಬೆಳೆಯುತ್ತಿದ್ದರೂ ಭಾರತ ಹೊರಗಿನಿಂದ ಕ್ವಿನೈನ್ ತರಿಸಬೇಕಾಯಿತು. ಮದ್ದು ತುಟ್ಟಿಯಾದಲ್ಲಿ, ಬೇಡಿಕೆ ತೀರದಲ್ಲಿ, ಮೋಸಕ್ಕೆ ಬಾಗಿಲು ತೆರೆಯುತ್ತದೆ. ಎರಡನೆಯ ಪ್ರಶ್ನೆ ಹುಟ್ಟಿದ್ದು ಅಲ್ಲಿಯೇ.

ಕಲಬೆರಕೆಯ ಕಾಲ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಭಾರತದ ಔಷಧ ಮಾರುಕಟ್ಟೆಗೆ ಹೆಚ್ಚುಕಡಿಮೆ ಕಾವಲೇ ಇರಲಿಲ್ಲ. ಅಫೀಮು, ವಿಷವಸ್ತು ಮುಂತಾದವುಗಳಿಗೆ ಬಿಡಿಬಿಡಿಯಾದ ಕಾನೂನುಗಳಿದ್ದುವು. ಆದರೆ ಹೊರದೇಶದಿಂದ ಬಂದ ಅಥವಾ ಇಲ್ಲಿಯೇ ತಯಾರಾದ ಒಂದು ಸೀಸೆಯ ಒಳಗೆ ಹೇಳಿದ ಮದ್ದೇ ಇದೆಯೆಂದು ಖಾತ್ರಿಪಡಿಸುವ ವ್ಯವಸ್ಥೆ ಇರಲಿಲ್ಲ. ಪ್ರಫುಲ್ಲಚಂದ್ರ ರಾಯರ ಬೆಂಗಾಲ್ ಕೆಮಿಕಲ್ಸ್, ಬರೋಡದ ಅಲೆಂಬಿಕ್ ಮುಂತಾದ ದೇಶೀಯ ಸಂಸ್ಥೆಗಳು ಆಗಲೇ ಕೆಲಸ ಮಾಡುತ್ತಿದ್ದುವು. ಅವುಗಳ ಪಕ್ಕದಲ್ಲಿಯೇ ಹೊರಗಿನಿಂದ ಬಂದ ಹಳಸಿದ ಸರಕು, ಊರೂರುಗಳಲ್ಲಿ ಬೆರೆಸಿದ ಸರಕು ಒಂದೇ ಮೊಗವಾಡದಲ್ಲಿ ಮಾರಾಟವಾಗುತ್ತಿತ್ತು. ಕ್ವಿನೈನಿನ ಹೆಸರಿನಲ್ಲಿ ಮಾರುತ್ತಿದ್ದುದರಲ್ಲಿ ಇರಬೇಕಾದಷ್ಟು ಕ್ವಿನೈನ್ ಇರುತ್ತಿರಲಿಲ್ಲ. ಬಡವನು ಒಂದು ದಿನದ ಕೂಲಿಯನ್ನು ತೆತ್ತು ಹಿಟ್ಟಿನ ಮಾತ್ರೆಯನ್ನು ನುಂಗಿ, ಜ್ವರ ಬಿಡಲಿಲ್ಲವೆಂದರೆ ದೈವವನ್ನು ದೂರಬೇಕಾಗಿತ್ತು.

1927ರ ಮಾರ್ಚಿನಲ್ಲಿ ಕೌನ್ಸಿಲ್ ಆಫ್ ಸ್ಟೇಟ್‌ನಲ್ಲಿ ಹರೂನ್ ಜಾಫರ್ ಎಂಬ ಸದಸ್ಯರು ಔಷಧಗಳ ಮೇಲೆ ಕಾನೂನಿನ ಹತೋಟಿ ಬೇಕೆಂದು ನಿರ್ಣಯ ಮಂಡಿಸಿದರು. ಅದರ ಫಲವಾಗಿ 1930ರ ಆಗಸ್ಟಿನಲ್ಲಿ ಸರ್ಕಾರ ಔಷಧ ವಿಚಾರಣಾ ಸಮಿತಿಯನ್ನು ನೇಮಿಸಿತು. ಕಲ್ಕತ್ತೆಯ ಉಷ್ಣವಲಯ ವೈದ್ಯಶಾಲೆಯ ಪ್ರಾಧ್ಯಾಪಕರಾಗಿದ್ದ ರಾಮನಾಥ ಚೋಪ್ರಾ ಅದರ ಅಧ್ಯಕ್ಷರು. ದೇಶೀಯ ಮೂಲಿಕೆಗಳ ಗುಣವನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ ಹೆಸರಾದವರು ಅವರು. 1931ರಲ್ಲಿ ಹೊರಬಂದ ವರದಿ ಮಾರುಕಟ್ಟೆಯ ಅವ್ಯವಸ್ಥೆಯನ್ನು ಬಿಡಿಸಿಟ್ಟಿತು. ಕೇಂದ್ರ ಕಾಯ್ದೆ, ಪರೀಕ್ಷಾ ಪ್ರಯೋಗಾಲಯಗಳು ಮತ್ತು ಶಿಕ್ಷಣ ಪಡೆದ ಔಷಧಕಾರರ ವೃತ್ತಿ ಈ ಮೂರೂ ಒಟ್ಟಿಗೆ ಬೇಕೆಂದು ಅದು ಕೇಳಿತು.

ವರದಿಗೂ ಕಾಯ್ದೆಗೂ ನಡುವೆ ಒಂಬತ್ತು ವರ್ಷ ಸಂದುವು. 1937ರಲ್ಲಿ ಸರ್ಕಾರ ಆಮದಾಗುವ ಔಷಧಗಳಿಗೆ ಮಾತ್ರ ಅನ್ವಯಿಸುವ ಮಸೂದೆಯೊಂದನ್ನು ತಂದಿತು. ಒಳಗಿನ ತಯಾರಿಕೆಯನ್ನು ಬಿಟ್ಟು ಹೊರಗಿನ ಸರಕನ್ನಷ್ಟೇ ಕಾಯುವುದರಿಂದ ಪ್ರಯೋಜನವಿಲ್ಲವೆಂದು ಅದನ್ನು ಪರಿಶೀಲಿಸಿದ ಸಮಿತಿ ಅಭಿಪ್ರಾಯಪಟ್ಟಿತು. ಅದೇ ವರ್ಷ ಅಮೆರಿಕದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷದ್ರವದಲ್ಲಿ ಕರಗಿಸಿದ ಸಲ್ಫಾ ಔಷಧಿಯನ್ನು ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಮರುವರ್ಷವೇ ಅಲ್ಲಿ ಬಿಗಿಯಾದ ಕಾಯ್ದೆ ಬಂದಿತು. ಈ ವಿಷದ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ನಮ್ಮ ಕಥೆಯಲ್ಲಿ ಅದು ಮತ್ತೆ ಮತ್ತೆ ಬರಲಿದೆ.

ಎಲ್ಲೆಗಳೊಡನೆ ಹುಟ್ಟಿದ ಕಾಯ್ದೆ

1940ರ ಏಪ್ರಿಲಿನಲ್ಲಿ ಔಷಧ ಕಾಯ್ದೆ ಜಾರಿಯಾಯಿತು. ಅದರ ನಿಯಮಗಳು 1945ರಲ್ಲಿ ಬಂದುವು. 1948ರಲ್ಲಿ ಔಷಧಕಾರರ ವೃತ್ತಿಗೆ ಸಂಬಂಧಿಸಿದ ಫಾರ್ಮಸಿ ಕಾಯ್ದೆ, 1954ರಲ್ಲಿ ಸುಳ್ಳು ಜಾಹೀರಾತುಗಳನ್ನೂ ಮಾಯಾಮದ್ದುಗಳನ್ನೂ ತಡೆಯುವ ಕಾಯ್ದೆ, 1955ರಲ್ಲಿ ಸ್ವತಂತ್ರ ಭಾರತದ ಮೊದಲ ಔಷಧಕೋಶ ಹೀಗೆ ಒಂದೊಂದಾಗಿ ಕಟ್ಟಡ ಮೇಲೆದ್ದಿತು. 1964ರ ತಿದ್ದುಪಡಿಯಿಂದ ಆಯುರ್ವೇದ, ಸಿದ್ಧ, ಯುನಾನಿ ಔಷಧಗಳೂ ಅದರೊಳಗೆ ಬಂದುವು. ಇಂದಿಗೂ ನಮ್ಮ ಊರಿನ ಔಷಧಿ ಅಂಗಡಿಯ ಗೋಡೆಯ ಮೇಲೆ ತೂಗುವ ಪರವಾನಗಿ ಪತ್ರ ಆ 1940ರ ಕಾಯ್ದೆಯ ಕೂಸು.

ಆದರೆ ಈ ಕಾಯ್ದೆ ಹುಟ್ಟುವಾಗಲೇ ಅದರ ಮೈಯಲ್ಲಿ ಎಲ್ಲೆಗಳ ಗೆರೆಗಳಿದ್ದುವು. ಔಷಧದ ತಯಾರಿಕೆ ಮತ್ತು ಮಾರಾಟ ಆಗ ಪ್ರಾಂತ್ಯಗಳಿಗೆ ಸೇರಿದ ವಿಷಯ. ಪ್ರಾಂತೀಯ ಶಾಸನಸಭೆಗಳು ನಿರ್ಣಯ ಮಾಡಿ ಒಪ್ಪಿಗೆ ಕೊಟ್ಟ ಮೇಲೆಯೇ ಕೇಂದ್ರ ಕಾನೂನು ಮಾಡಲು ಸಾಧ್ಯವಾಯಿತು. ಹೀಗಾಗಿ ಹೊಣೆ ಹಂಚಿಹೋಯಿತು: ಬಂದರಿನಲ್ಲಿ ಇಳಿಯುವ ಔಷಧಿ ಕೇಂದ್ರದ ಕಾವಲಿಗೆ, ಒಳಗೆ ತಯಾರಾಗಿ ಮಾರಾಟವಾಗುವುದು ಪ್ರಾಂತ್ಯಗಳ ಕಾವಲಿಗೆ. ಕಾಯ್ದೆ ಅನ್ವಯವಾದದ್ದು ಬ್ರಿಟಿಷ್ ಭಾರತಕ್ಕೆ ಮಾತ್ರ. ದೇಶೀಯ ಸಂಸ್ಥಾನಗಳಿಗೆ ಅದು ತಾನಾಗಿ ಅನ್ವಯಿಸುತ್ತಿರಲಿಲ್ಲ. ಕನ್ನಡನಾಡು ಆಗ ಮುಂಬಯಿ, ಮದರಾಸು, ಮೈಸೂರು, ಹೈದರಾಬಾದು, ಕೊಡಗು ಎಂದು ಹರಿದು ಹಂಚಿಹೋಗಿದ್ದುದನ್ನು ನಾವು ಬಲ್ಲೆವು. ಸೊಲ್ಲಾಪುರದಲ್ಲಿ ಕಾಯ್ದೆಯ ನೆರಳಿನಲ್ಲಿ ಮಾರಾಟವಾದ ಸೀಸೆ ಕೆಲವೇ ಹರದಾರಿ ದೂರದ ಅಕ್ಕಲಕೋಟೆ ಸಂಸ್ಥಾನವನ್ನು ಹೊಕ್ಕರೆ ಆ ನೆರಳಿನಿಂದ ಆಚೆಗೆ ಹೋದಂತೆ. ಜತ್ತ ಸಂಸ್ಥಾನದ ಮಾತೂ ಅಷ್ಟೇ. ಸಂಸ್ಥಾನಗಳು ವಿಲೀನವಾಗಿ ಆ ಗೆರೆ ಅಳಿಸಿತು. ಪ್ರಾಂತ್ಯಗಳ ಗೆರೆ ಮಾತ್ರ ರಾಜ್ಯಗಳ ಗೆರೆಯಾಗಿ ಉಳಿದುಕೊಂಡಿತು.

ಬೆಲೆಯೆಂಬ ಇನ್ನೊಂದು ಗೋಡೆ

ಸ್ವಾತಂತ್ರ್ಯ ಬಂದಾಗ ಪೆನಿಸಿಲಿನ್, ಸ್ಟ್ರೆಪ್ಟೊಮೈಸಿನ್ ಮುಂತಾದ ಹೊಸ ಜೀವರಕ್ಷಕಗಳ ಯುಗ ಆರಂಭವಾಗಿತ್ತು. ಅವು ಭಾರತಕ್ಕೆ ದೂರದ ಹಣ್ಣುಗಳಾಗಿದ್ದುವು. 1911ರ ಪೇಟೆಂಟ್ ಕಾಯ್ದೆಯ ಪ್ರಕಾರ ಹೊಸ ಔಷಧಿಯ ಮೇಲೆ ಅದನ್ನು ಕಂಡುಹಿಡಿದ ಕಂಪನಿಗೆ ಸಂಪೂರ್ಣ ಹಕ್ಕು. ಪೇಟೆಂಟ್ ಪಡೆದವರಲ್ಲಿ ಬಹುಪಾಲು ವಿದೇಶೀಯರು. ಅವರಲ್ಲಿ ಹೆಚ್ಚಿನವರು ಇಲ್ಲಿ ತಯಾರಿಸುತ್ತಲೂ ಇರಲಿಲ್ಲ, ಬೇರೆಯವರಿಗೆ ತಯಾರಿಸಲು ಬಿಡುತ್ತಲೂ ಇರಲಿಲ್ಲ. ಅಮೆರಿಕದ ಸೆನೆಟ್ ಸದಸ್ಯ ಕೆಫಾವರ್ ಅವರ ನೇತೃತ್ವದಲ್ಲಿ 1959ರಿಂದ ನಡೆದ ವಿಚಾರಣೆಯಲ್ಲಿ, ಕೆಲವು ಔಷಧಗಳ ಬೆಲೆ ಜಗತ್ತಿನಲ್ಲೇ ಅತಿ ಹೆಚ್ಚಾಗಿರುವ ದೇಶಗಳಲ್ಲಿ ಭಾರತವೂ ಒಂದೆಂದು ಬಯಲಾಯಿತು. ಅತಿ ಬಡದೇಶ ಅತಿ ಹೆಚ್ಚು ಬೆಲೆ ತೆರುತ್ತಿತ್ತು.

ಈ ಗೋಡೆಯನ್ನು ಒಡೆಯುವ ಕೆಲಸ ಎರಡು ಕಡೆಯಿಂದ ನಡೆಯಿತು. ಒಂದು ಕಡೆ ಸರ್ಕಾರವೇ ತಯಾರಿಕೆಗೆ ಇಳಿಯಿತು. 1954ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನಿಂದ ಪುಣೆಯ ಬಳಿಯ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ ಸ್ಥಾಪನೆಯಾಯಿತು. 1961ರಲ್ಲಿ ಸೋವಿಯೆತ್ ಸಹಕಾರದೊಡನೆ ಐಡಿಪಿಎಲ್ ಹುಟ್ಟಿ, ಹೃಷಿಕೇಶ ಮತ್ತು ಹೈದರಾಬಾದಿನಲ್ಲಿ ಕಾರ್ಖಾನೆಗಳನ್ನು ಕಟ್ಟಿತು. ಹೈದರಾಬಾದಿನ ಆ ಕಾರ್ಖಾನೆಯಲ್ಲಿ ಕೆಲಸ ಕಲಿತವರು ಮುಂದೆ ತಾವೇ ಉದ್ಯಮಗಳನ್ನು ಕಟ್ಟಿ ಆ ನಗರವನ್ನು ಔಷಧ ತಯಾರಿಕೆಯ ರಾಜಧಾನಿಯನ್ನಾಗಿ ಮಾಡಿದರು.

ಇನ್ನೊಂದು ಕಡೆ ಕಾನೂನು ಬದಲಾಯಿತು. ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರ್ ಅವರು 1959ರಲ್ಲಿ ಕೊಟ್ಟ ವರದಿಯ ಆಧಾರದ ಮೇಲೆ ರೂಪುಗೊಂಡ 1970ರ ಪೇಟೆಂಟ್ ಕಾಯ್ದೆ 1972ರ ಏಪ್ರಿಲ್ 20ರಂದು ಜಾರಿಗೆ ಬಂದಿತು. ಅದರ ತಿರುಳು ಸರಳವಾದುದು: ಔಷಧಿಯ ಮೇಲೆ ಯಾರಿಗೂ ಪೇಟೆಂಟ್ ಇಲ್ಲ, ಅದನ್ನು ತಯಾರಿಸುವ ವಿಧಾನದ ಮೇಲೆ ಮಾತ್ರ, ಅದೂ ಹೆಚ್ಚೆಂದರೆ ಏಳು ವರ್ಷ. ಅಡುಗೆಯ ಮೇಲೆ ಹಕ್ಕಿಲ್ಲ, ಮಾಡುವ ಬಗೆಯ ಮೇಲೆ ಮಾತ್ರ ಹಕ್ಕು ಎಂದಂತೆ. ಅದೇ ಔಷಧಿಯನ್ನು ಬೇರೆ ವಿಧಾನದಿಂದ ತಯಾರಿಸುವ ದಾರಿ ಭಾರತೀಯ ರಸಾಯನಶಾಸ್ತ್ರಜ್ಞರಿಗೆ ತೆರೆಯಿತು. ಅದರೊಡನೆ ಬೆಲೆ ನಿಯಂತ್ರಣವೂ ಬಂದಿತು. 1962ರ ಚೀನಾ ಯುದ್ಧದ ಹೊತ್ತಿನಲ್ಲಿ ಆರಂಭವಾಗಿದ್ದ ಆ ಕ್ರಮ 1970ರ ಆದೇಶದಿಂದ ಗಟ್ಟಿಯಾಯಿತು. ಜೈಸುಖಲಾಲ್ ಹಾಥಿ ಸಮಿತಿ 1975ರಲ್ಲಿ ಅತ್ಯಗತ್ಯ ಔಷಧಗಳ ಪಟ್ಟಿಯನ್ನು ಸಿದ್ಧಪಡಿಸಿ, ವ್ಯಾಪಾರನಾಮಗಳನ್ನು ಹಂತಹಂತವಾಗಿ ತೆಗೆದು ಮೂಲ ಹೆಸರಿನಲ್ಲಿ ಔಷಧಿ ಮಾರಬೇಕೆಂದು ಸಲಹೆ ಮಾಡಿತು. 1979ರ ಆದೇಶ 347 ಔಷಧಗಳನ್ನು ಬೆಲೆ ಹತೋಟಿಗೆ ತಂದಿತು. ಮುಂದೆ 1987ರಲ್ಲಿ ಆ ಸಂಖ್ಯೆ 142ಕ್ಕೆ, 1995ರಲ್ಲಿ 74ಕ್ಕೆ ಇಳಿಯಿತು. 2013ರಿಂದ ಅತ್ಯಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯೇ ಹತೋಟಿಗೆ ಆಧಾರವಾಯಿತು. ಆದರೆ ತಯಾರಿಕೆಯ ವೆಚ್ಚಕ್ಕೆ ಬದಲಾಗಿ ಮಾರುಕಟ್ಟೆಯ ಸರಾಸರಿ ಬೆಲೆಯೇ ಅಳತೆಗೋಲಾಯಿತು.

ಈ ನೀತಿಯ ಫಲವನ್ನು ಜಗತ್ತು ಕಂಡದ್ದು 2001ರಲ್ಲಿ. ಏಡ್ಸ್ ರೋಗಿಯೊಬ್ಬನ ಒಂದು ವರ್ಷದ ಚಿಕಿತ್ಸೆಗೆ ಹತ್ತು ಸಾವಿರ ಡಾಲರಿಗೂ ಮಿಗಿಲಾಗಿ ಕೇಳುತ್ತಿದ್ದ ಕಾಲದಲ್ಲಿ, 1935ರಲ್ಲಿ ಖ್ವಾಜಾ ಅಬ್ದುಲ್ ಹಮೀದ್ ಕಟ್ಟಿದ ಮುಂಬಯಿಯ ಸಿಪ್ಲಾ ಸಂಸ್ಥೆ ಅದೇ ಮೂರು ಮದ್ದುಗಳನ್ನು 350 ಡಾಲರಿಗೆ ಕೊಡುವುದಾಗಿ ಮುಂದೆ ಬಂದಿತು. ಆ ಕೊಡುಗೆಯನ್ನು ಪಡೆದ ವೈದ್ಯರ ಸಂಸ್ಥೆಯ ಫ್ರೆಂಚ್ ಹೆಸರಿನ ಅರ್ಥ ‘ಗಡಿಗಳಿಲ್ಲದ ವೈದ್ಯರು’ ಎಂದು. ಆಫ್ರಿಕದ ಲಕ್ಷಾಂತರ ಜನರ ಪ್ರಾಣ ಉಳಿದದ್ದರಲ್ಲಿ ಭಾರತದ ಮಾತ್ರೆಗಳ ಪಾಲು ದೊಡ್ಡದು. ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದಂತೆ 2005ರಲ್ಲಿ ಔಷಧಿಯ ಮೇಲಿನ ಪೇಟೆಂಟ್ ಮರಳಿ ಬಂದರೂ, ಸಂಸತ್ತು ಕೆಲವು ಬೇಲಿಗಳನ್ನು ಉಳಿಸಿಕೊಂಡಿತು. 2012ರಲ್ಲಿ ಕ್ಯಾನ್ಸರಿನ ಔಷಧಿಯೊಂದಕ್ಕೆ ಕಡ್ಡಾಯ ಪರವಾನಗಿ ಕೊಟ್ಟಾಗ, ತಿಂಗಳಿಗೆ ಸುಮಾರು 2 ಲಕ್ಷ 80 ಸಾವಿರ ರೂಪಾಯಿ ಇದ್ದ ಬೆಲೆ 8,880 ರೂಪಾಯಿಗೆ ಇಳಿಯಿತು. ಹಳೆಯ ಔಷಧಿಗೆ ಸಣ್ಣ ಮಾರ್ಪಾಡು ಮಾಡಿ ಹೊಸ ಪೇಟೆಂಟ್ ಕೇಳುವಂತಿಲ್ಲವೆಂಬ ನಿಯಮವನ್ನು 2013ರ ಏಪ್ರಿಲ್ 1ರಂದು ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ‘ದೊರೆಯುವುದೇ?’ ಎಂಬ ಪ್ರಶ್ನೆಗೆ ಇದಕ್ಕಿಂತ ಘನವಾದ ಉತ್ತರವನ್ನು ಕೊಟ್ಟ ಬಡದೇಶಗಳು ವಿರಳ.

ಮತ್ತೆ ಮತ್ತೆ ಅದೇ ವಿಷ

‘ನಂಬಬಹುದೇ?’ ಎಂಬ ಪ್ರಶ್ನೆಯ ಚರಿತ್ರೆ ಅಷ್ಟು ಹೆಮ್ಮೆಯದಲ್ಲ. ಹಿಂದೆ ಹೇಳಿದ ಡೈಎಥಿಲೀನ್ ಗ್ಲೈಕಾಲ್ ಕಾರ್ಖಾನೆಗಳಲ್ಲಿ ಬಳಸುವ ದ್ರವ. ಸಿಹಿಯಾಗಿಯೂ ಮಂದವಾಗಿಯೂ ಇರುವ ಅದು ಸಿರಪ್ಪುಗಳಲ್ಲಿ ಬಳಸುವ ಗ್ಲಿಸರಿನ್ ಅಥವಾ ಪ್ರೊಪಿಲೀನ್ ಗ್ಲೈಕಾಲಿನಂತೆಯೇ ತೋರುತ್ತದೆ. ಬೆಲೆ ಮಾತ್ರ ಕಡಿಮೆ. ಕಚ್ಚಾವಸ್ತುವಿನ ಪೀಪಾಯಿಯನ್ನು ಪರೀಕ್ಷಿಸದೆ ಬಳಸಿದರೆ ಕುಡಿದವರ ಮೂತ್ರಪಿಂಡಗಳು ನಿಂತುಹೋಗುತ್ತವೆ. 1972ರಲ್ಲಿ ಮದರಾಸಿನಲ್ಲಿ ಮಕ್ಕಳು ಇದರಿಂದ ಸತ್ತರು. 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ 14 ಮಂದಿ ರೋಗಿಗಳು ಸತ್ತರು. ನ್ಯಾಯಮೂರ್ತಿ ಲೆಂಟಿನ್ ಆಯೋಗ ವಿಚಾರಣೆ ನಡೆಸಿ ವ್ಯವಸ್ಥೆಯ ಹುಳುಕನ್ನು ಹೊರಗೆಳೆಯಿತು. 1998ರಲ್ಲಿ ದೆಹಲಿಯ ಬಳಿಯ ಗುರಗಾಂವದಲ್ಲಿ 33 ಮಕ್ಕಳು. ಮುಂದೆ ಜಮ್ಮುವಿನ ಉಧಂಪುರ ಜಿಲ್ಲೆಯಲ್ಲಿ ಮತ್ತೆ ಮಕ್ಕಳು. 2022ರಲ್ಲಿ ಆಫ್ರಿಕದ ಗ್ಯಾಂಬಿಯಾದಲ್ಲಿ ಹತ್ತಾರು ಮಕ್ಕಳು ಸತ್ತಾಗ, ಭಾರತದಲ್ಲಿ ತಯಾರಾದ ಸಿರಪ್ಪುಗಳ ಬಗೆಗೆ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ಹೊರಡಿಸಿತು.

ಇದಾದ ಮೇಲೆ, 2023ರ ಜೂನ್ 1ರಿಂದ ರಫ್ತಾಗುವ ಕೆಮ್ಮಿನ ಸಿರಪ್ಪುಗಳಿಗೆ ಸರ್ಕಾರ ಗುರುತಿಸಿದ ಪ್ರಯೋಗಾಲಯಗಳ ಪರೀಕ್ಷೆ ಕಡ್ಡಾಯವಾಯಿತು. ಒಳನಾಡಿನಲ್ಲಿ ಮಾರಾಟವಾಗುವ ಸಿರಪ್ಪಿಗೆ ಅದೇ ಬಿಗಿಯಾದ ನಿಯಮ ಆಗ ಬರಲಿಲ್ಲ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡ ಜಿಲ್ಲೆಯಲ್ಲಿ ಕೆಮ್ಮಿನ ಸಿರಪ್ ಕುಡಿದ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ತೀರಿಕೊಂಡರು. ಆ ಸಿರಪ್ ತಯಾರಾದದ್ದು ತಮಿಳುನಾಡಿನ ಕಾಂಚೀಪುರ ಜಿಲ್ಲೆಯಲ್ಲಿ. ವಿಷ ಅದೇ ಡೈಎಥಿಲೀನ್ ಗ್ಲೈಕಾಲ್. 1937ರಿಂದ ಲೆಕ್ಕ ಹಾಕಿದರೆ ಎಂಬತ್ತೆಂಟು ವರ್ಷಗಳಿಂದ ಜಗತ್ತಿಗೆ ಗೊತ್ತಿರುವ ವಿಷ.

ಸೀಸೆ ಗಡಿ ದಾಟುತ್ತದೆ, ಪರಿವೀಕ್ಷಕರು ದಾಟುವುದಿಲ್ಲ

ಕಾಂಚೀಪುರದಲ್ಲಿ ತಯಾರಾದ ಸೀಸೆ ಛಿಂದ್ವಾಡದ ಮಗುವಿನ ಬಾಯಿ ಸೇರುವ ದಾರಿಯಲ್ಲಿ ಎಷ್ಟು ರಾಜ್ಯಗಳನ್ನು ದಾಟಬೇಕು ಎಂಬುದನ್ನು ನಕ್ಷೆಯ ಮೇಲೆ ನೋಡಬಹುದು. ಒಂದು ರಾಜ್ಯ ಕೊಟ್ಟ ತಯಾರಿಕಾ ಪರವಾನಗಿಯಿಂದ ಆ ಔಷಧಿ ಇಡೀ ದೇಶದಲ್ಲಿ ಮಾರಾಟವಾಗಬಲ್ಲುದು. ಆದರೆ ಔಷಧ ಪರಿವೀಕ್ಷಕರ ಅಧಿಕಾರ ತಮಗೆ ವಹಿಸಿದ ಪ್ರದೇಶದ ಎಲ್ಲೆಯೊಳಗೆ ಮಾತ್ರ. ಮಾರಾಟವಾದ ರಾಜ್ಯದ ಪರಿವೀಕ್ಷಕರು ಅಂಗಡಿಯನ್ನು ಮುಚ್ಚಿಸಬಲ್ಲರು. ತಯಾರಾದ ಕಾರ್ಖಾನೆಯ ಪರವಾನಗಿಯನ್ನು ರದ್ದುಮಾಡಬೇಕಾದುದು ಇನ್ನೊಂದು ರಾಜ್ಯ. ಒಂದು ರಾಜ್ಯದ ಪ್ರಯೋಗಾಲಯ ಗುಣಮಟ್ಟವಿಲ್ಲವೆಂದ ಬ್ಯಾಚಿನ ಸುದ್ದಿ ನೆರೆರಾಜ್ಯದ ಅಂಗಡಿಗೆ ಮುಟ್ಟುವ ಹೊತ್ತಿಗೆ ಸರಕು ಖರ್ಚಾಗಿರಬಹುದು. 2003ರಲ್ಲಿ ವಿಜ್ಞಾನಿ ರಘುನಾಥ ಮಾಶೇಲ್ಕರ್ ಅವರ ಸಮಿತಿ ಈ ದೋಷವನ್ನು ಎತ್ತಿ ತೋರಿಸಿ, ತಯಾರಿಕಾ ಪರವಾನಗಿಗಳನ್ನು ಪ್ರಬಲವಾದ ಒಂದು ಕೇಂದ್ರ ಸಂಸ್ಥೆಗೆ ವಹಿಸಬೇಕೆಂದು ಸಲಹೆ ಮಾಡಿತು. ಪ್ರಾಂತ್ಯಗಳ ಒಪ್ಪಿಗೆಯಿಂದ ಹುಟ್ಟಿದ ಕಾಯ್ದೆಯ ಮೈಯಲ್ಲಿದ್ದ ಹಳೆಯ ಗೆರೆ ಅಷ್ಟು ಸುಲಭವಾಗಿ ಅಳಿಯಲಿಲ್ಲ.

ಗಡಿನಾಡಿನವರಿಗೆ ಇದು ದೂರದ ಸಂಗತಿಯಲ್ಲ. ತಾಳವಾಡಿಯವರು ಚಾಮರಾಜನಗರಕ್ಕೂ, ಗೂಡಲೂರು ಮತ್ತು ವಯನಾಡಿನವರು ಮೈಸೂರಿಗೂ, ಕಾಸರಗೋಡಿನವರು ಮಂಗಳೂರಿಗೂ, ಜತ್ತದವರು ವಿಜಯಪುರಕ್ಕೂ, ರಾಯದುರ್ಗದವರು ಬಳ್ಳಾರಿಗೂ ಚಿಕಿತ್ಸೆಗಾಗಿ ಹೋಗುವುದು ನಿತ್ಯದ ಮಾತು. ಒಂದು ರಾಜ್ಯದ ವೈದ್ಯರು ಬರೆದ ಚೀಟಿಗೆ ಇನ್ನೊಂದು ರಾಜ್ಯದ ಅಂಗಡಿಯಲ್ಲಿ, ಮೂರನೆಯ ರಾಜ್ಯದಲ್ಲಿ ತಯಾರಾದ ಮಾತ್ರೆಯನ್ನು ಕೊಳ್ಳುವವರು ನಾವು. 2024ರ ಕೊನೆಯಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಹೆರಿಗೆಯಾದ ಐವರು ಬಾಣಂತಿಯರು ತೀರಿಕೊಂಡಾಗ, ಸಂಶಯದ ಬೆರಳು ಪಶ್ಚಿಮ ಬಂಗಾಳದಲ್ಲಿ ತಯಾರಾದ ಡ್ರಿಪ್ ದ್ರಾವಣದ ಕಡೆಗೆ ತಿರುಗಿತು. ಕರ್ನಾಟಕ ಸರ್ಕಾರ ಅದರ ಬಳಕೆಯನ್ನು ನಿಲ್ಲಿಸಿತು. ಹೆರಿಗೆಗೆಂದು ಆಸ್ಪತ್ರೆಗೆ ಹೋಗುವ ಹೆಣ್ಣುಮಗಳು, ತನ್ನ ರಕ್ತಕ್ಕೆ ಸೇರುವ ದ್ರಾವಣ ಯಾವ ಊರಿನದು, ಅದನ್ನು ಯಾರು ಪರೀಕ್ಷಿಸಿದರು ಎಂದು ಕೇಳಬಲ್ಲಳೇ? ಅವಳ ಪರವಾಗಿ ಕೇಳಬೇಕಾದದ್ದು ಕಾನೂನು.

ಕೂನೂರಿನ ಪಾಠ

ಹಾಗಾದರೆ ಬಿಗಿಯಾದ ಪರೀಕ್ಷೆ, ಕಠಿಣ ಶಿಕ್ಷೆ ಇವಿಷ್ಟೇ ಸಾಕೇ? 2008ರ ತಿದ್ದುಪಡಿ ಕಲಬೆರಕೆ ಮತ್ತು ನಕಲಿ ಔಷಧಿಯಿಂದ ಸಾವು ಸಂಭವಿಸಿದರೆ ಕನಿಷ್ಠ ಹತ್ತು ವರ್ಷದಿಂದ ಜೀವಾವಧಿಯವರೆಗೆ ಸೆರೆವಾಸವನ್ನು ವಿಧಿಸಿತು. ಆದರೆ ಅದೇ ವರ್ಷ ನೀಲಗಿರಿಯಲ್ಲಿ ನಡೆದ ಒಂದು ಘಟನೆ ಪ್ರಶ್ನೆಯ ಇನ್ನೊಂದು ಮುಖವನ್ನು ತೋರಿಸುತ್ತದೆ.

ಕೂನೂರಿನ ಪಾಸ್ಟರ್ ಸಂಸ್ಥೆ 1907ರಲ್ಲಿ ಸ್ಥಾಪನೆಯಾದುದು. ಹುಚ್ಚುನಾಯಿ ಕಡಿತದ ಚಿಕಿತ್ಸೆಗೆಂದು ಆರಂಭವಾದ ಅದು ಮುಂದೆ ದೇಶದ ಮಕ್ಕಳಿಗೆ ಬೇಕಾದ ಲಸಿಕೆಗಳನ್ನು ಅಗ್ಗವಾಗಿ ತಯಾರಿಸುವ ಸಾರ್ವಜನಿಕ ಸಂಸ್ಥೆಯಾಗಿ ಬೆಳೆಯಿತು. 2008ರ ಜನವರಿಯಲ್ಲಿ, ಉತ್ತಮ ತಯಾರಿಕಾ ಪದ್ಧತಿಯ ನಿಯಮಗಳಿಗೆ ಹೊಂದಿಲ್ಲವೆಂಬ ಕಾರಣದಿಂದ, ಕೂನೂರು, ಹಿಮಾಚಲದ ಕಸೌಲಿ ಮತ್ತು ಚೆನ್ನೈನ ಗಿಂಡಿಯಲ್ಲಿದ್ದ ಮೂರು ಸರ್ಕಾರಿ ಲಸಿಕಾ ಸಂಸ್ಥೆಗಳ ತಯಾರಿಕಾ ಪರವಾನಗಿಯನ್ನು ಅಮಾನತುಗೊಳಿಸಲಾಯಿತು. ನಿಯಮದ ದೃಷ್ಟಿಯಿಂದ ಆಕ್ಷೇಪಣೆಯಲ್ಲಿ ಹುರುಳಿತ್ತು. ಆದರೆ ಯಂತ್ರ ಕಟ್ಟಡಗಳನ್ನು ಕಾಲಕಾಲಕ್ಕೆ ಹೊಸದಾಗಿಸಬೇಕಾದವರು ಯಾರು? ಸಂಸ್ಥೆಯ ಒಡೆತನವೂ ಸರ್ಕಾರದ್ದೇ, ಪರವಾನಗಿ ತಡೆಹಿಡಿದ ಕೈಯೂ ಸರ್ಕಾರದ್ದೇ. ಲಸಿಕೆಯ ಪೂರೈಕೆ ಕುಂಠಿತವಾಯಿತು. ಖಾಸಗಿ ಸಂಸ್ಥೆಗಳನ್ನು ಆಶ್ರಯಿಸಬೇಕಾಯಿತು. ಎರಡು ವರ್ಷಗಳ ನಂತರ, 2010ರಲ್ಲಿ, ಅಮಾನತನ್ನು ಹಿಂದೆಗೆದುಕೊಳ್ಳಲಾಯಿತು.

ಇದರಿಂದ ತಿಳಿಯಬೇಕಾದದ್ದು ಒಂದೇ. ನಮ್ಮ ಎರಡು ಪ್ರಶ್ನೆಗಳನ್ನು ಬೇರೆಬೇರೆ ಮಾಡಿ ಉತ್ತರಿಸಲಾಗದು. ಬೆಲೆಯನ್ನು ಮಾತ್ರ ನೋಡಿದರೆ ಅಗ್ಗದ ಪೀಪಾಯಿಯ ವಿಷ ಸಿರಪ್ಪಿಗೆ ಇಳಿಯುತ್ತದೆ. ಶುದ್ಧಿಯನ್ನು ಮಾತ್ರ ನೋಡಿ, ಅದಕ್ಕೆ ಬೇಕಾದ ಹಣವನ್ನೂ ಜನಬಲವನ್ನೂ ಒದಗಿಸದೆ ಬಾಗಿಲು ಮುಚ್ಚಿಸಿದರೆ ಮದ್ದೇ ಇಲ್ಲದಂತಾಗುತ್ತದೆ. 1860ರ ದಶಕದಲ್ಲಿ ತೋಟವನ್ನು ಬೆಳೆಸಿದವರೇ ತೊಗಟೆಯನ್ನು ಅಳೆಯುವವನನ್ನೂ ನೇಮಿಸಿದರು. ಆ ಎರಡು ಕೆಲಸಗಳು ಒಂದೇ ಬೆಟ್ಟದ ಮೇಲೆ ನಡೆದುವು ಎಂಬುದನ್ನು ಮರೆಯಬಾರದು.

ಕೊಳ್ಳುವವರ ಕೈಯಲ್ಲಿರುವ ಕಲಮು

ಕೊನೆಯದಾಗಿ, ನಮ್ಮ ಕುಟುಂಬಗಳಿಗೆ ಉಪಯುಕ್ತವಾದ ಒಂದು ಮಾತು. ಮಾತ್ರೆಯ ಪಟ್ಟಿಯ ಮೇಲಿನ ಬರಹ ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುತ್ತದೆ. ಕನ್ನಡವನ್ನಷ್ಟೇ ಬಲ್ಲ ಹಿರಿಯರಿಗೆ ಅದು ಮೂಕ. ಆದುದರಿಂದ ಓದಬಲ್ಲ ಕಿರಿಯರು ಮೂರು ವಿಷಯಗಳನ್ನು ನೋಡಿ ಹೇಳಬೇಕು: ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಮತ್ತು ತಯಾರಕರ ಹೆಸರು. 2023ರ ಆಗಸ್ಟಿನಿಂದ ಹೆಚ್ಚು ಮಾರಾಟವಾಗುವ 300 ಔಷಧಗಳ ಮೇಲೆ ಮೊಬೈಲಿನಿಂದ ಓದಬಹುದಾದ ಸಂಕೇತ ಇರಬೇಕೆಂದು ನಿಯಮವಾಗಿದೆ. ಕೇಂದ್ರ ಔಷಧ ಸಂಸ್ಥೆ ಗುಣಮಟ್ಟವಿಲ್ಲದ ಬ್ಯಾಚುಗಳ ಪಟ್ಟಿಯನ್ನು ತಿಂಗಳಿಗೊಮ್ಮೆ ಪ್ರಕಟಿಸುತ್ತದೆ. ರಸೀದಿ ಇಲ್ಲದೆ ಔಷಧಿ ಕೊಳ್ಳಬಾರದು. ರಸೀದಿಯಿಲ್ಲದ ಸೀಸೆಗೆ ನ್ಯಾಯಾಲಯದಲ್ಲಿ ಊರೂ ಇಲ್ಲ, ಹೆಸರೂ ಇಲ್ಲ.

ಇವೆಲ್ಲಕ್ಕಿಂತ ದೊಡ್ಡದಾದ ಹಕ್ಕೊಂದು 1940ರ ಕಾಯ್ದೆಯ 26ನೆಯ ಕಲಮಿನಲ್ಲಿದೆ. ತಾನು ಕೊಂಡ ಔಷಧಿಯ ಬಗೆಗೆ ಸಂಶಯವುಳ್ಳ ಯಾವ ವ್ಯಕ್ತಿಯಾದರೂ, ನಿಗದಿಯಾದ ಶುಲ್ಕ ಕೊಟ್ಟು, ಅದನ್ನು ಸರ್ಕಾರಿ ವಿಶ್ಲೇಷಕರ ಪರೀಕ್ಷೆಗೆ ಒಪ್ಪಿಸಿ ಸಹಿ ಮಾಡಿದ ವರದಿಯನ್ನು ಪಡೆಯಬಹುದು. 1986ರ ತಿದ್ದುಪಡಿ ಮಾನ್ಯತೆ ಪಡೆದ ಗ್ರಾಹಕ ಸಂಘಗಳಿಗೂ ಈ ಹಕ್ಕನ್ನು ವಿಸ್ತರಿಸಿತು. ಚಳಿಜ್ವರದ ಕಾಲದಲ್ಲಿ ಹಿಟ್ಟಿನ ಮಾತ್ರೆ ನುಂಗಿ ದೈವವನ್ನು ದೂರಿದ ಬಡವನ ಕೈಯಲ್ಲಿ ಇಲ್ಲದಿದ್ದ ಅಸ್ತ್ರವಿದು. ಕಾನೂನು ಪುಸ್ತಕದಲ್ಲಿ ಎಂಟು ದಶಕಗಳಿಂದ ಮಲಗಿರುವ ಈ ಕಲಮನ್ನು ಬಲ್ಲವರು ಕಡಿಮೆ, ಬಳಸಿದವರು ಇನ್ನೂ ಕಡಿಮೆ.

ಕನ್ನಡ ಸಂಘಗಳು ಗಡಿಯಾಚೆಯೂ ಶಾಲೆ, ಗ್ರಂಥಾಲಯ, ನಾಟಕ, ಹಬ್ಬಗಳನ್ನು ನಡೆಸಿಕೊಂಡು ಬಂದಿವೆ. ಭಾಷೆಯನ್ನು ಉಳಿಸಿಕೊಳ್ಳಲು ಅದನ್ನಾಡುವ ಜನ ಆರೋಗ್ಯದಿಂದ ಬಾಳಬೇಕಷ್ಟೆ. ಇಂಥ ಕಾನೂನುಗಳ ತಿಳಿವಳಿಕೆಯನ್ನು ಕನ್ನಡದಲ್ಲಿ ಮನೆಮನೆಗೆ ಮುಟ್ಟಿಸುವುದೂ ಸಂಘದ ಕೆಲಸವೆಂದು ಭಾವಿಸಿದರೆ, ರಾಜ್ಯಗಳ ಗಡಿ ದಾಟಲಾಗದ ಪರಿವೀಕ್ಷಕರ ಕಣ್ಣಿಗೆ ಗಡಿಯ ಎರಡೂ ಬದಿಗಳಲ್ಲಿ ಬಾಳುವ ನಮ್ಮ ಜನರ ಕಣ್ಣು ನೆರವಾಗಬಲ್ಲುದು.